ಅವನ ಆರ್ಗನ್ನು, ನನ್ನ ಮಗ್ಗ

ಬೇಸಿಗೆಯಾಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕುಂತ್ರೆ ಅಂಗಿ ಬೆನ್ನಿಗೆ ಅಂಟ್ಕೊಳ್ತೈತೆ, ಬೆನ್ನು ಕುರ್ಚಿಗೆ ಅಂಟ್ಕೊಳ್ತೈತೆ, ಎದ್ದಾಗ ಕುರ್ಚಿನೂ ಜೊತೆಗೇ ಏಳ್ತೈತೆ. ಇದು ನಿಮಗೂ ಗೊತ್ತಿರೋದೇ. ಮದುವೆ ಮನೆಯಾಗಾದ್ರೆ ಊಟಕ್ಕೆ ಕರೀತಾರೆ ಅಂತ ತಡ್ಕೋಬೋದು. ನಾನು ಭಾನುವಾರ ಬಂದ್ರೆ ಸಾಕು, ಮೊಳಕಾಲ್ಮೂರಿಂದ ಚಳ್ಳಕೆರೆಗೆ ಬಸ್ಸಾಗೆ ಹೋಗಿ ಹಂಗೆ ಅಂಟ್ಕೊಂಡು ಕುಂತ್ಕೊಳ್ತೀನಿ. ಊಟನೂ ಇಲ್ಲ. ಕೊನೆಗೆ ಒಂದು ಲೋಟ ನಿಂಬೆ ಪಾನಕ, ಅದೂ ಬೆಚ್ಚಗೆ.

ಯಾಕೆ ಅಂತೀರಾ? ನನ್ನ ಹೆಂಡ್ತಿ ನಾಗವೇಣಿ. ಚಳ್ಳಕೆರೆಯಾಗೆ ಅವಳ ತವರುಮನೆ ಓಣಿಯಾಗೆ ಒಂದು ಚರ್ಚ್ ಐತೆ, ಅದರ ಪಕ್ಕ ಒಂದು ಹಾಲ್ ಐತೆ. ಬೇಸಿಗೆ ರಜಾ ಮುಗಿಯೋತನಕ ವಾರಕ್ಕೊಂದು ಸಂಜೆ ಅಲ್ಲಿ ಆರ್ಗನ್ನು, ಪಿಯಾನೋ ನುಡಿಸ್ತಾರೆ. ಯಾರು ಬೇಕಾದ್ರೂ ಹೋಗಿ ಕೇಳ್ಬೋದು. ಇವಳು ಸಣ್ಣೋಳಿದ್ದಾಗ ಅಲ್ಲಿನ ಫ್ಯಾನ್ ಗಾಳಿಗೆ ಅಂತ ಹೋಗಿ ಕುಂತ್ಕೊಳ್ತಿದ್ಳಂತೆ. ಗಾಳಿಗೆ ಹೋದೋಳು ಹಾಡಿಗೆ ಸಿಕ್ಕಾಕ್ಕೊಂಡ್ಳು. ಮದುವೆ ಆಗಿ ನಮ್ಮೂರಿಗೆ ಬಂದ್ರೂ ಬಿಡ್ಲಿಲ್ಲ.

ನುಡಿಸೋನು ಡೇವಿಡ್ ಅಂತ. ಮೈಸೂರಾಗೆ ಸಂಗೀತ ಕಲೀತಾನೆ, ರಜಕ್ಕೆ ಊರಿಗೆ ಬರ್ತಾನೆ. ಅಲ್ಲಿರೋ ಪಿಯಾನೋ ಹಳೇದು, ಸೆಕೆಗೆ ಅದರ ಎರಡು ಬಿಳಿ ಪಟ್ಟಿ ಒತ್ತಿದ್ರೆ ಒತ್ತಿದಂಗೇ ಇರ್ತಾವೆ, ಅವನೇ ಬೆರಳಾಗೆ ಎತ್ಕೊಂಡು ಎತ್ಕೊಂಡು ನುಡಿಸ್ತಾನೆ. ಆರ್ಗನ್ನು ಮಾತ್ರ ಗಟ್ಟಿ ಸಾಮಾನು. ಬೀರು ಇದ್ದಂಗೈತೆ. ಕೆಳಗೆ ಎರಡು ಹಲಗೆ, ಕಾಲಾಗೆ ತುಳೀತಿರ್ಬೇಕು, ತುಳಿದ್ರೆ ಗಾಳಿ, ಗಾಳಿ ಇದ್ರೆ ಸದ್ದು.

ನನ್ನ ಹೊಟ್ಟೆ ಉರಿಯೋದು ಆ ಹಲಗೆ ನೋಡಿದಾಗಲೇ. ನಾನು ನೇಕಾರ. ಗುಂಡಿ ಮಗ್ಗದಾಗೆ ಕಾಲು ಇಳಿಬಿಟ್ಕೊಂಡು ಬೆಳಿಗ್ಗೆಯಿಂದ ಸಂಜೆತನಕ ನಾನೂ ತುಳಿಯೋನೇ. ಅವನಿಗೂ ಎರಡು ಕಾಲು ಎರಡು ಕೈ ಕೆಲ್ಸ, ನನಗೂ ಅಷ್ಟೇ. ನಾನು ಚಪ್ಪಲಿ ಬಿಟ್ಟು ಮಗ್ಗಕ್ಕೆ ಕೈ ಮುಗಿದು ಇಳೀತೀನಿ, ಅವನು ಬೂಟುಗಾಲಾಗೆ ತುಳೀತಾನೆ. ಆದ್ರೂ ಅವನು ತುಳಿದ್ರೆ ನಾಗವೇಣಿ ಕಣ್ಣು ಮುಚ್ಕೊಳ್ತಾಳೆ, ನಾನು ತುಳಿದ್ರೆ ಕಿವಿ ಮುಚ್ಕೊಳ್ತಾಳೆ.

ಸುಳ್ಳಲ್ಲ. ಅವಳಪ್ಪಂದು ಕಿರಾಣಿ ಅಂಗಡಿ, ಮಗ್ಗದ ಸದ್ದು ಕೇಳಿ ಬೆಳೆದೋಳಲ್ಲ. ನಮ್ಮನೆಗೆ ಬಂದ ಹೊಸದ್ರಾಗೆ ಲಾಳಿ ಬಡಿತಕ್ಕೆ ತಲೆನೋವು ಅಂತ ಕಿವಿಗೆ ಹತ್ತಿ ಇಟ್ಕೊಂಡ್ಳು. ಅದಿರ್ಲಿ. ಆದ್ರೆ ಹತ್ತಿ ಇಟ್ಕೊಂಡೋಳು ಬೇರೆಯೋನ ತುಳಿತಕ್ಕೆ ಅಷ್ಟು ದೂರ ಬಸ್ ಹತ್ತಿದ್ರೆ ನಿಮಗೆ ಹೆಂಗಾಗ್ತೈತೆ ಹೇಳ್ರಿ.

ಅವ್ವ ಬೇರೆ ಕುಟುಕ್ತಾಳೆ. "ಲೇ, ನಿಂಗೆ ಸಂಗೀತ ಏನ್ ತಿಳೀತೈತೆ ಅಂತ ಅವಳ ಹಿಂದೆ ಬಾಲ ಆಗಿದೀಯಾ?"

ತಿಳಿಯಲ್ಲ. ನಾನು ಆರ್ಗನ್ನು ಕೇಳಲ್ಲ, ಇವಳ ಮುಖ ನೋಡ್ತೀನಿ. ಕಣ್ಣು ಮುಚ್ಕೊಂಡು, ತುಟಿ ಒಂಚೂರು ಬಿಟ್ಕೊಂಡು, ಎಲ್ಲೋ ಹೋಗಿರ್ತಾಳೆ. ಆ ಮುಖ ನಮ್ಮನೆಯಾಗೆ ಒಂದಿನಾನೂ ನಾನು ಕಂಡಿಲ್ಲ. ನನಗೆ ಬೇಕಾಗಿದ್ದು ಅದೊಂದೇ.

ಇಲ್ಲಿ ನಮ್ಮ ನೇಕಾರರ ಮನೆ ಪದ್ಧತಿ ಒಂದು ಹೇಳ್ಬೇಕು. ಮಗ್ಗ ಆಡ್ತಿರೋತನಕ ಅದರ ಸದ್ದು ಯಾರಿಗೂ ಕೇಳಿಸಲ್ಲ. ನಿಂತ್ರೆ ಮಾತ್ರ ಕೇಳಿಸ್ತೈತೆ. ಗಕ್ಕನೆ ನಿಂತ್ರೆ ರೇಷ್ಮೆ ಎಳೆ ಹರಿದೈತೆ ಅಂತಲೇ ಲೆಕ್ಕ. ಅಡುಗೆಮನೆಯಾಗಿರ್ಲಿ, ಹಿತ್ತಲಾಗಿರ್ಲಿ, ಮಲಗಿರ್ಲಿ, ಇದ್ದಲ್ಲಿಂದಲೇ "ಎಳೆ ಹರೀತೇನು?" ಅಂತ ಕೂಗ್ತಾರೆ. ಅದು ಬಾಯಿಗೆ ಬಂದಿರೋದು, ತಲೆನ ಕೇಳಿ ಬರೋದಲ್ಲ.

ಹೋದ ಭಾನುವಾರ ಡೇವಿಡ್ ಆರ್ಗನ್ನಾಗೆ ಉದ್ದಂದು ಏನೋ ಹಿಡಿದಿದ್ದ. ಎಲ್ರೂ ತೆಪ್ಪಗೆ ಕುಂತಿದ್ರು. ಇವಳು ಕಣ್ಣು ಮುಚ್ಕೊಂಡಿದ್ಳು. ನಾನು ಉರ್ಕೊಂಡು ಉರ್ಕೊಂಡು ಹಂಗೇ ತೂಕಡಿಸಿದ್ದೆ. ಜೋರಾಗಿ ಬರ್ತಿದ್ದ ಸದ್ದು ಗಕ್ಕನೆ ನಿಂತೋಯ್ತು. ನಾನು ಕುಂತಲ್ಲಿಂದಲೇ ಕೂಗಿದೆ.

"ಎಳೆ ಹರೀತೇನು?"

ಇಡೀ ಹಾಲ್ ಹಿಂದೆ ತಿರುಗಿ ನೋಡ್ತು. ಎದ್ದು ಓಡೋಣ ಅಂದ್ರೆ ಕುರ್ಚಿ ಬೆನ್ನಿಗೆ ಅಂಟ್ಕೊಂಡೈತೆ. ಡೇವಿಡ್ ತಿರುಗಿ ನಕ್ಕ.

"ಇಲ್ಲ ಅಣ್ಣ, ಹಾಡು ಒಂಚೂರು ಉಸಿರು ತಗೊಳ್ತೈತೆ. ಮುಗಿದಿಲ್ಲ ಇನ್ನೂ" ಅಂದು ಮತ್ತೆ ಶುರು ಮಾಡ್ದ. ಬೈದಿದ್ರೆ ನಾನೂ ಬೈಬೋದಿತ್ತು. ಅಷ್ಟು ಚೆನ್ನಾಗಿ ಮಾತಾಡ್ದ ಅಂತ ಅದಕ್ಕೂ ಹೊಟ್ಟೆ ಉರೀತು.

ನಾಗವೇಣಿ ನನ್ನ ಕಡೆ ನೋಡ್ಲಿಲ್ಲ. ಬಸ್ಸಾಗೆ ಸೆರಗು ಬಾಯಿಗೆ ಒತ್ಕೊಂಡು ಕಿಟಕಿ ಕಡೆ ತಿರುಗಿದ್ಳು. ಅಳ್ತಾಳೆ ಅಂದ್ಕೊಂಡೆ. ಇನ್ಮೇಲೆ ನನ್ನ ಕರ್ಕೊಂಡು ಹೋಗಲ್ಲ, ಒಬ್ಳೇ ಹೋಗಿ ಕಣ್ಣು ಮುಚ್ಕೊಳ್ತಾಳೆ ಅಂತ ನನಗೆ ಅದೇ ಭಯ. ತಳಕು ದಾಟಿದ ಮೇಲೆ ನೋಡ್ತೀನಿ, ನಗ್ತಿದಾಳೆ.

"ಮಾನ ಹೋಯ್ತು ಅಂತ ಸಿಟ್ಟಿಲ್ಲೇನು?" ಅಂದೆ.

"ಸಿಟ್ಟು ಯಾಕ್ರೀ? ಕೂಗೋಕೆ ನಾನೂ ಬಾಯಿ ತೆಗ್ದಿದ್ದೆ. ಅಷ್ಟ್ರಾಗೆ ನೀವು ಕೂಗಿಬಿಟ್ರಿ."

"ಹತ್ತಿ ಇಟ್ಕೊಂಡೋಳಿಗೆ ಮಗ್ಗ ನಿಲ್ಲೋದು ಹೆಂಗೆ ಗೊತ್ತಾಗ್ತೈತೆ?"

"ಹತ್ತಿ ಬಿಟ್ಟು ಎಷ್ಟು ದಿನ ಆಯ್ತು! ನೀವು ನೋಡಿದ್ರೆ ತಾನೆ. ನಿಮ್ಮ ಕಣ್ಣು ಯಾವಾಗ್ಲೂ ನೇಯೋ ಸೀರೆ ಮೇಲೆ" ಅಂದ್ಳು. "ಹೋದ್ ತಿಂಗ್ಳು ತವರಿಗೆ ಹೋದಾಗ ಮಧ್ಯಾಹ್ನ ನಿದ್ದೆನೇ ಬರ್ಲಿಲ್ಲ, ಮಗ್ಗದ ಸದ್ದಿಲ್ದೆ ಮನೆ ಬಿಕೋ ಅಂತಿತ್ತು."

ಇನ್ನೊಬ್ಬನ ತುಳಿತಕ್ಕೆ ಉರ್ಕೊಂಡು ಕುಂತೋನಿಗೆ ತನ್ನ ಮನೆಯಾಗಿರೋ ಕಿವಿ ಕಾಣ್ಲಿಲ್ಲ. ಅಷ್ಟೇ ನನ್ನ ಬುದ್ಧಿ. ಹೊಟ್ಟೆಕಿಚ್ಚು ಹೋಯ್ತು ಅಂತ ಮಾತ್ರ ತಿಳ್ಕೋಬೇಡ್ರಿ. ಡೇವಿಡ್‌ನ ಬೂಟು ನೆನೆಸ್ಕೊಂಡ್ರೆ ಈಗ್ಲೂ ಉರೀತೈತೆ. ಬರೋ ಭಾನುವಾರನೂ ಹೋಗ್ತೀವಿ.

ನಿನ್ನೆ ಮಧ್ಯಾಹ್ನ ಅವಳೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮಗ್ಗದ ಪಕ್ಕ ಹಾಕ್ಕೊಂಡು ಕುಂತ್ಳು. ನೆಲ ಕಾದೈತೆ, ಇಲ್ಲೊಂಚೂರು ತಂಪು ಅಂದ್ಳು. ನಾನು ತುಳೀತಿದ್ದೆ. ತಿರುಗಿ ನೋಡಿದ್ರೆ ಕಿವಿಯಾಗೆ ಹತ್ತಿ ಇಲ್ಲ, ಕಣ್ಣು ಮುಚ್ಚಿದಾವೆ, ತುಟಿ ಒಂಚೂರು ಬಿಟ್ಟೈತೆ. ಕೇಳ್ತಿದಾಳೋ, ನಿದ್ದೆ ಮಾಡ್ತಿದಾಳೋ ಗೊತ್ತಾಗ್ಲಿಲ್ಲ. ಕೇಳೋಣ ಅಂದ್ರೆ ಮಗ್ಗ ನಿಲ್ಲಿಸ್ಬೇಕು. ನಿಲ್ಲಿಸಿದ್ರೆ ಕಣ್ಣು ಬಿಡ್ತಾಳೆ. ನೀರಡಿಕೆ ಆಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು, ಆದ್ರೂ ತುಳೀತಾನೇ ಇದ್ದೆ.