ಹಲ್ಲು ಸೆಟ್ಟನ್ನು ಊರು ಮುಟ್ಟಿಸಿದ ಶಂಕರಮ್ಮ

ಬೆಳಗಿನ ಐದೂಮುಕ್ಕಾಲು. ಕೊಳ್ಳೇಗಾಲದ ಬಸ್ ನಿಲ್ದಾಣದ ಮೂಲೆಯ ಕಲ್ಲುಬೆಂಚಿನ ಮೇಲೆ ಒಂದು ಮಿಕ್ಸಿ ಜಾರು, ಎರಡು ಕುಕ್ಕೆ ಸೇವಂತಿಗೆ, ಟ್ರ್ಯಾಕ್ಟರಿನ ಬೆಲ್ಟು, ಯಾರದೋ ಎಕ್ಸ್‌ರೇ, ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಚಿಂವ್‌ಗುಟ್ಟುವ ಇಪ್ಪತ್ತು ಕೋಳಿಮರಿ. ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿರುವ ಶಂಕರಮ್ಮ, ಹೊರಡುತ್ತಿರುವ ಯಳಂದೂರು ಬಸ್ಸಿನ ಪಕ್ಕೆಗೆ ಪಟಪಟ ಬಡಿಯುತ್ತಾರೆ.

"ನಿಲ್ಸಪ್ಪೋ! ಈ ಎಕ್ಸ್‌ರೇ ಆಸ್ಪತ್ರೆತವು ಇಳಿಸ್ಬೇಕು. ಓದ್ಸಲ ಮಾಡ್ದಂಗೆ ಅದ್ರ ಮ್ಯಾಲೆ ಕುಂತ್ಕಬೇಡ ಕಣ್ಲಾ, ಡಾಕ್ಟ್ರು ನಿನ್ ಮೂಳೆ ನೋಡಿ ಎಕ್ಸ್‌ರೇಯವ್ರಿಗೆ ಪಟ್ಟಿ ಕಟ್ಬುಟ್ಟಾರು!"

ಕಂಡಕ್ಟರು ನಗುತ್ತ ಕೈಚಾಚಿ ತೆಗೆದುಕೊಳ್ಳುತ್ತಾನೆ. ಬಸ್ಸು ಹೊರಡುತ್ತದೆ. ಶಂಕರಮ್ಮ ಆಗಲೇ ಹನೂರು ಬಸ್ಸಿನ ಕಡೆ ಓಡುತ್ತಿದ್ದಾರೆ, ಕೋಳಿಮರಿಗಳ ಸಮೇತ.

ಐವತ್ತೆರಡು ವರ್ಷದ ಶಂಕರಮ್ಮನಿಗೆ ಕಚೇರಿ ಇಲ್ಲ, ಬೋರ್ಡು ಇಲ್ಲ. ಜನ ತಂದುಕೊಟ್ಟ ಸಾಮಾನನ್ನು ಸರಿಯಾದ ಬಸ್ಸಿಗೆ ಹತ್ತಿಸುವುದು, ಬಂದದ್ದನ್ನು ಇಳಿಸಿ ಸಾಮಾನಿನವರು ಬರುವತನಕ ಕಾಯುವುದು ಅವರ ಕೆಲಸ; ಸಾಮಾನಿಗಿಷ್ಟೆಂದು ಜನ ಕೊಟ್ಟದ್ದೇ ಸಂಪಾದನೆ. ಮೊದಲು ಇದನ್ನು ಮಾಡುತ್ತಿದ್ದವರು ಗಂಡ ಮಹದೇವಸ್ವಾಮಿ. ಹನ್ನೊಂದು ವರ್ಷದ ಹಿಂದೆ ಬಸ್ಸಿನ ಟಾಪಿನಿಂದ ಬಾಳೆಗೊನೆಯ ಜೊತೆಗೇ ಅವರೂ ಇಳಿದರು. ಗೊನೆಗೆ ಏನೂ ಆಗಲಿಲ್ಲ, ಇವರ ಸೊಂಟ ಹೋಯಿತು. ಮಾರನೆಯ ದಿನ, ಗಂಡ ಆಸ್ಪತ್ರೆಯಲ್ಲಿದ್ದಾಗಲೇ, ಶಂಕರಮ್ಮ ಬೆಂಚಿನ ಹತ್ತಿರ ಬಂದು ನಿಂತರು.

"ನಿಲ್ದೆ ಏನ್ ಮಾಡ್ಲಿ ಸಾ? ಇಪ್ಪತ್ ಜನ್ರ ಸಾಮಾನು ಅಲ್ಲೇ ಬಿದ್ದಿತ್ತು. ಅದ್ರಲ್ಲಿ ಒಂದು ಇಡ್ಲಿ ಹಿಟ್ಟು. ಉಬ್ಬಿ ಉಬ್ಬಿ ಮುಚ್ಚಳ ತಕಂಡು ಈಚ್ಗೆ ಬತ್ತಾ ಇತ್ತು," ಎಂದರು ನನಗೆ.

ಈಗ ದಿನಕ್ಕೆ ಅರವತ್ತರಿಂದ ಎಪ್ಪತ್ತು ಸಾಮಾನು, ನಲವತ್ತು ಬಸ್ಸು. ಮಳವಳ್ಳಿ ಹಾದು ಬೆಂಗಳೂರಿಗೆ, ನರಸೀಪುರ ಹಾದು ಮೈಸೂರಿಗೆ, ಹನೂರು ಹಾದು ಮಾದಪ್ಪನ ಬೆಟ್ಟಕ್ಕೆ, ಯಳಂದೂರು ಹಾದು ಚಾಮರಾಜನಗರಕ್ಕೆ. ಎಲ್ಲ ದಾರಿಗಳೂ ಇಲ್ಲೇ ಕೂಡುತ್ತವೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಶಂಕರಮ್ಮನಿಗೆ ಯಾವ ಬಸ್ಸು ಎಷ್ಟು ಗಂಟೆಗೆ, ಯಾವ ಡ್ರೈವರು ಎಲ್ಲಿ ಟೀಗೆ ನಿಲ್ಲಿಸುತ್ತಾನೆ, ಎಲ್ಲವೂ ಬಾಯಿಪಾಠ.

ಈ ನಾಲ್ಕು ದಾರಿಯ ಬೆಲೆ ಬೆಂಗಳೂರಿನ ಒಂದು ಪಾರ್ಸಲ್ ಕಂಪನಿಗೂ ಗೊತ್ತಾಗಿ, ಹೋದ ವರ್ಷ ನಿಲ್ದಾಣದ ಎದುರಿಗೇ ಶಾಖೆ ತೆರೆಯಿತು. ಗಾಜಿನ ಬಾಗಿಲು, ಎರಡು ಕಂಪ್ಯೂಟರು, ಟೈ ಕಟ್ಟಿದ ಯುವ ಮ್ಯಾನೇಜರು. ಮೊದಲ ದಿನವೇ ಆತ ಬಂದು, ಕೊಳ್ಳೇಗಾಲ ಮುಂದೆ ದೊಡ್ಡ ಹಬ್ ಆಗುತ್ತದೆ ಎಂದು ವಿವರಿಸಿದನಂತೆ.

"ಅಬ್ ಅಂದ್ರು ಸಾ. ಯಾವ ಅಬ್ಬ, ಒಸ ಬಟ್ಟೆ ಕೊಡ್ತೀರಾ ಅಂದೆ. ಮಕ ಸಣ್ಣದು ಮಾಡ್ಕಂಡು ವೊಂಟೋದ್ರು."

ಜನ ಗಾಜಿನ ಬಾಗಿಲಿನತ್ತ ಹೊರಳಿದರು. ಎಪ್ಪತ್ತರಷ್ಟಿದ್ದ ಸಾಮಾನು ಮೂವತ್ತಕ್ಕೆ ಇಳಿಯಿತು. ಗಂಡನ ಮಾತ್ರೆ ಹೇಗಪ್ಪಾ ಎಂದು ಶಂಕರಮ್ಮ ಚಿಂತೆಗೆ ಬಿದ್ದರು. ಮಾಂಬಳ್ಳಿಯ ಚನ್ನಮಲ್ಲಮ್ಮನವರ ಹಲ್ಲು ಕಾಣೆಯಾಗದಿದ್ದರೆ ಈ ಬೆಂಚು ಬಹುಶಃ ಇಂದು ಖಾಲಿ ಇರುತ್ತಿತ್ತು.

ಎಪ್ಪತ್ತೆಂಟು ವರ್ಷದ ಚನ್ನಮಲ್ಲಮ್ಮ ಸೋಬಾನೆ ಹಾಡಲು ಕೂತರೆ ಸುತ್ತ ಹತ್ತೂರು ಕಿವಿಗೊಡುತ್ತದೆ. ಮೊಮ್ಮಗಳು ನಾಗಶ್ರೀಯ ಮದುವೆಗೆ ವಾರವಿರುವಾಗ ಚಕ್ಕುಲಿಯ ಹದ ನೋಡಲು ಹೋದರು. ಚಕ್ಕುಲಿ ಗಟ್ಟಿಯಾಗಿತ್ತು, ಹಲ್ಲು ಸೆಟ್ಟು ಎರಡು ತುಂಡಾಯಿತು. ಕೊಳ್ಳೇಗಾಲದ ದಂತವೈದ್ಯರು ಗುರುವಾರ ಅದನ್ನು ಜೋಡಿಸಿ, ಚಪ್ಪರದ ಓಡಾಟದಲ್ಲಿದ್ದ ಮಗ ಶಿವಕುಮಾರಸ್ವಾಮಿಗೆ ಫೋನ್ ಮಾಡಿದರು. ಆತ, "ಕಂಪನಿ ಪಾರ್ಸಲ್ಲಿಗೇ ಆಕ್ಬುಡಿ ಸಾ, ಅದು ಸೇಫು" ಎಂದರು.

ಕೊಳ್ಳೇಗಾಲದಿಂದ ಮಾಂಬಳ್ಳಿ ಹದಿನೈದು ಕಿಲೋಮೀಟರೂ ಇಲ್ಲ. ಶುಕ್ರವಾರ ಸಂಜೆ ಶಿವಕುಮಾರಸ್ವಾಮಿಯ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಪಾರ್ಸಲ್ ಬೆಂಗಳೂರು ತಲುಪಿದೆ. ಭಾನುವಾರ ಧಾರೆ, ಶನಿವಾರ ರಾತ್ರಿ ಸೋಬಾನೆ. ಆತ ಬೈಕಿನಲ್ಲಿ ಬಂದವರು ಶಾಖೆಗೆ ಬೀಗ ಬೀಳುವ ಹೊತ್ತಾದ್ದರಿಂದ ಶಂಕರಮ್ಮನ ಮುಂದೆ ನಿಂತರು.

"ಅಕ್ಕಾ, ಅಮ್ಮ ಬೆಳಗ್ಗಿಂದ ಮಾತಾಡ್ತಿಲ್ಲ. ಮಾತಾಡುದ್ರೂ ನಮ್ಗೆ ಗೊತ್ತಾಯ್ತಿಲ್ಲ. 'ಸೋಬಾನೆ' ಅನ್ನಕೋದ್ರೆ 'ಫೋಬಾನೆ' ಅಂತದೆ."

"ಇಲ್ಲಿಂದ ಅಲ್ಲಿಗೆ ನಡ್ಕಂಡ್ ಓಗಿದ್ರೂ ಮುಟ್ತಿತ್ತು. ಅಲ್ಲು ಬೆಂಗ್ಳೂರ್ ನೋಡ್ಕ ಬರ್ಲಿ ಅಂತ ಕಳಿಸುದ್ರಾ?" ಎಂದು ಬೈದು, ಶಂಕರಮ್ಮ ಬಾಗಿಲು ಎಳೆಯುತ್ತಿದ್ದ ಮ್ಯಾನೇಜರನ್ನು ತಡೆದರು. ಎಲ್ಲ ಸಾಮಾನೂ ಮೊದಲು ಬೆಂಗಳೂರಿನ ಗೋದಾಮಿಗೆ ಹೋಗಿ, ವಿಂಗಡಣೆಯಾಗಿ, ವಾಪಸು ಬರುತ್ತದೆ, ನಿಯಮವೇ ಹಾಗೆ ಎಂದ ಆತ ಸಹಾಯವಾಣಿಗೆ ಫೋನು ಮಾಡಿಕೊಟ್ಟ.

"ಅಲೋ, ನಮ್ದು ಅಲ್ಲು ಓಗ್ಬುಟ್ಟದೆ," ಎಂದರು ಶಂಕರಮ್ಮ.

"ಎಲ್ಲಿ ಹೋಗಿದೆ ಮೇಡಂ?"

"ಬೆಂಗ್ಳೂರ್ಗೆ."

"ಅಲ್ಲಿ ಏನು ಹೋಗಿದೆ?"

"ಅಲ್ಲು!"

"ಅಲ್ಲೇ ಮೇಡಂ, ಏನು ಹೋಗಿದೆ?"

"ಅಯ್ಯೋ ಮಗಾ, ಬಾಯೊಳ್ಗೆ ಇರ್ತದಲ್ಲ, ಅಗೀತೀವಲ್ಲ, ಅದು!"

ಆ ಕಡೆಯ ಹುಡುಗಿ ರಸೀದಿಯ ನಂಬರು ಕೇಳಿಕೊಂಡು, ಮಂಗಳವಾರ ತಲುಪುತ್ತದೆ ಎಂದಳು. ಮಂಗಳವಾರ ನಾಗಶ್ರೀ ಗಂಡನ ಮನೆಯಲ್ಲಿರುತ್ತಾಳೆ.

ಶಂಕರಮ್ಮ ಮ್ಯಾನೇಜರನಿಂದ ಒಂದು ಪತ್ರ ಬರೆಸಿ, ರಸೀದಿಯ ನಕಲಿನ ಜೊತೆ ಬೆಂಗಳೂರು ಬಸ್ಸಿನ ಕಂಡಕ್ಟರ್ ನಿಂಗರಾಜು ಕೈಗಿಟ್ಟರು. ಶನಿವಾರ ಬೆಳಗ್ಗೆ ನಿಂಗರಾಜು ತಿಂಡಿ ಬಿಟ್ಟು, ಆಟೋ ಹಿಡಿದು ಗೋದಾಮಿಗೆ ಹೋದರು. ಕಾವಲುಗಾರ ಒಳಗೆ ಬಿಡಲಿಲ್ಲ. "ಮದ್ವೆ ನಿಂತೋಯ್ತದೆ ಕಣಯ್ಯಾ!" ಎಂದು ನಿಂಗರಾಜು ಕೂಗಿದ್ದಕ್ಕೆ, ಮದುಮಗಳಿಗೇ ಹಲ್ಲಿಲ್ಲವೆಂದುಕೊಂಡ ಆ ಮನುಷ್ಯ ಕನಿಕರದಿಂದ ತಾನೇ ಹುಡುಕಿಕೊಟ್ಟ.

ಹಲ್ಲು ಹನ್ನೊಂದರ ಬಸ್ಸು ಹತ್ತಿತು. ಮಳವಳ್ಳಿಯಲ್ಲಿ ಟೈರು ಪಂಕ್ಚರು. ನಿಂಗರಾಜು ಹಿಂದಿನಿಂದ ಬಂದ ಬಸ್ಸನ್ನು ಅಡ್ಡಗಟ್ಟಿ, ಹಲ್ಲಿನ ಪೆಟ್ಟಿಗೆಯನ್ನು ಡ್ರೈವರ್ ಕೈಗೇ ಕೊಟ್ಟು ಕಳಿಸಿದರು. ನಾಲ್ಕು ಗಂಟೆಗೆ ಅದು ಕೊಳ್ಳೇಗಾಲದಲ್ಲಿ ಇಳಿಯಿತು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಶಂಕರಮ್ಮನಿಗೆ ಯಾವ ಕಂಡಕ್ಟರನ ಮೇಲೂ ನಂಬಿಕೆ ಬರಲಿಲ್ಲ. ಬೆಂಚನ್ನು ನೋಡಿಕೊಳ್ಳಲು ಮ್ಯಾನೇಜರನಿಗೇ ಹೇಳಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ತಾವೇ ಬಸ್ಸು ಹತ್ತಿದರು. "ಕೂಸ್ ಎತ್ಕಂಡ್ ಓದಂಗೆ ಓದೆ."

ಮಾಂಬಳ್ಳಿಯ ಚಪ್ಪರದಡಿ ಹೆಂಗಸರು ಸಾಲಾಗಿ ಕೂತಿದ್ದರು. ಚನ್ನಮಲ್ಲಮ್ಮ ಸರಕ್ಕನೆ ಸೆಟ್ಟು ಹಾಕಿಕೊಂಡರು. ಮುಖ ಕಿವುಚಿದರು.

"ಇದು ನನ್ ಅಲ್ಲಲ್ಲ ಕಣವ್ವಾ!"

ಶಿವಕುಮಾರಸ್ವಾಮಿ ತಲೆಯ ಮೇಲೆ ಕೈಹೊತ್ತು ಕೂತರು. ಶಂಕರಮ್ಮ ಖಾಲಿ ಪೆಟ್ಟಿಗೆಯನ್ನು ತಿರುವಿ ತಿರುವಿ ನೋಡಿದರು. ನಾಗಶ್ರೀಯೇ ಅಜ್ಜಿಯ ಬಾಯೊಳಗೆ ಇಣುಕಿ ನೋಡಿದಳು. "ಅಜ್ಜೀ, ತಲೆಕೆಳ್ಗಾಗಿ ಆಕಂಡಿದೀಯ."

ತಿರುಗಿಸಿ ಕೂರಿಸಿದ ಮೇಲೆ ಚನ್ನಮಲ್ಲಮ್ಮ ಎತ್ತಿದ ಮೊದಲ ಸೊಲ್ಲು ಬೀದಿಯ ತುದಿಗೆ ಕೇಳಿತಂತೆ. ಶಂಕರಮ್ಮನನ್ನು ಹೋಗಗೊಡದೆ ಪಕ್ಕದಲ್ಲೇ ಕೂರಿಸಿಕೊಂಡು ಸೊಲ್ಲು ಹೇಳಿಸಿದರು. ಕೊನೆಯ ಬಸ್ಸು ತಪ್ಪಿ, ಮದುಮಗಳ ಚಿಕ್ಕಪ್ಪನ ಗಾಡಿಯಲ್ಲಿ ಅವರು ಮನೆ ಸೇರಿದರು.

ಇತ್ತ ಮ್ಯಾನೇಜರು ಬೆಂಚಿನಲ್ಲಿದ್ದ ಆ ಸಂಜೆ, ಹನೂರಿಗೆ ಹೋಗಬೇಕಿದ್ದ ಕೋಳಿಮರಿಗಳು ಯಳಂದೂರಿನ ಬಟ್ಟೆ ಅಂಗಡಿಗೆ ಹೋಗಿದ್ದವು. ಅಂಗಡಿಗೆ ಹೋಗಬೇಕಿದ್ದ ರವಿಕೆ ಕಣಗಳು ಹನೂರಿನ ಕೋಳಿ ಸಾಕಣೆಯವನ ಕೈಯಲ್ಲಿದ್ದವು. ಎರಡನ್ನೂ ಮರಳಿಸಲು ಶಂಕರಮ್ಮನಿಗೆ ಎರಡು ದಿನ ಹಿಡಿಯಿತು.

ಅಂದಿನಿಂದ ಸುತ್ತಲ ಊರಿನ ಸಾಮಾನು ಬಂದರೆ ಆ ಮ್ಯಾನೇಜರೇ ರಸ್ತೆ ದಾಟಿ ತಂದು ಬೆಂಚಿನ ಮೇಲಿಡುತ್ತಾನೆ. ಎಣಿಕೆ ಮತ್ತೆ ಎಪ್ಪತ್ತು ಮುಟ್ಟಿದೆ. ನಾನು ಮಾತಾಡಿಸುತ್ತಿರುವಾಗಲೂ ಮೂವರು ಬಂದು ಹೋದರು: ಒಂದು ಕನ್ನಡಕ, ಒಂದು ಪಂಪಿನ ವಾಷರು, ತವರಿನಿಂದ ಮಗಳಿಗೆ ಹೊರಟ ಕಜ್ಜಾಯದ ಡಬ್ಬಿ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಶಂಕರಮ್ಮ ಡಬ್ಬಿಯ ದಾರವನ್ನು ಇನ್ನೊಂದು ಸಲ ಬಿಗಿದು, ನಾಚಿಕೊಂಡು ನಕ್ಕರು.

"ಇಷ್ಟ್ ವರ್ಸದಲ್ಲಿ ನನ್ನೆಸರ್ಗೆ ಒಂದ್ ಸಾಮಾನೂ ಬಂದಿಲ್ಲ ಸಾ. ಯಾರಾರ ಒಂದ್ಸಲ ಏನಾರ ಕಳಿಸ್ಲಿ. ಬಸ್ಸು ಲೇಟಾದ್ರೂ ಸರಿಯೇ, ಕಾಯ್ತೀನಿ."