ಎರವಲು ಮಣ್ಣು

ಸನಾತುವಿನ ಕೈಗುಣ ಊರಿಗೆಲ್ಲ ಗೊತ್ತಿತ್ತು. ಅವಳ ಕಷ್ಟವೂ ಅದೇ ಆಗಿತ್ತು.

ಯೆಂಡಿ ಪಟ್ಟಣದ ದಾರಿಯಲ್ಲಿರುವ ಆ ಊರಿನಲ್ಲಿ ಹೆಣ್ಣಿಗೆ ಹೊಲವೆಂದರೆ ಎರವಲು. ಗಂಡನ ಕಡೆಯ ಹಿರಿಯನಿಗೆ ವೀಳ್ಯ ಕೊಟ್ಟ ಹಾಗೆ ಕೋಲಾ ಕಾಯಿ ಕೊಟ್ಟು ಕೇಳಬೇಕು, ಅವನು ತೋರಿಸಿದಲ್ಲಿ ಗುದ್ದಲಿ ಹಾಕಬೇಕು. ಅವನು ತೋರಿಸುವುದು ತನಗೆ ಬೇಡವಾದದ್ದನ್ನೇ. ಗಂಡ ತೀರಿಕೊಂಡ ವರ್ಷ ಭಾವ ನಪಾರಿ ಅವಳಿಗೆ ನೀರೇ ನಿಲ್ಲದ ಒಂದು ಇಳಿಜಾರು ಕೊಟ್ಟ. ಸನಾತು ಅಡ್ಡಕ್ಕೆ ಕಲ್ಲು ಜೋಡಿಸಿದಳು, ಸಗಣಿ ಹೊತ್ತಳು, ಬೂದಿ ಹೊತ್ತಳು. ಮಣ್ಣು ಕಪ್ಪಗಾಗಿ ಕಡಲೆಕಾಯಿ ಗೊಂಚಲು ಗೊಂಚಲಾಗಿ ಕಿತ್ತು ಬಂದ ವರ್ಷ ನಪಾರಿಯ ಹಿರಿಮಗನಿಗೆ ಹೊಲ ಬೇಕಾಯಿತು. ಆಮೇಲೆ ಕಳೆ ತಿಂದ ಹೊಲ. ಅದೂ ಹಸನಾಯಿತು, ಅದೂ ಹೋಯಿತು. ಕಿತ್ತುಕೊಂಡೆವೆಂದು ಯಾರೂ ಹೇಳಲಿಲ್ಲ. ಬೇಕಾಯಿತು ಎಂದರು, ಅಷ್ಟೇ.

ಈಗಿನದು ಮೂರನೆಯದು, ಹಳ್ಳದ ಬದಿಯದು. ಮಗಳು ದೂರದ ರಾಜಧಾನಿ ಅಕ್ರಾದ ಸಂತೆಯಲ್ಲಿ ತಲೆಹೊರೆ ಹೊರುತ್ತಿದ್ದಳು. ಅವಳು ಇಲ್ಲಿ ಬಿಟ್ಟುಹೋದ ಇಬ್ಬರು ಮಕ್ಕಳ ವರ್ಷದ ಊಟ ಈ ಹೊಲದಿಂದಲೇ ಬರಬೇಕಿತ್ತು.

ಒಂದು ಮಧ್ಯಾಹ್ನ ಸನಾತು ಅಲ್ಲಿ ಮಾವಿನಹಣ್ಣು ತಿಂದು ಗೊರಟೆ ಎಸೆದಿದ್ದಳು. ಅದು ಮೊಳೆಯಿತು. ಎರವಲು ನೆಲದಲ್ಲಿ ಮರ ಬೆಳೆಸಿದರೆ ನೆಲ ನನ್ನದೆಂದು ಸಾರಿದಂತೆ. ಊರಿನ ಹಸುಗೂಸಿಗೂ ಗೊತ್ತಿರುವ ಮಾತದು. ಅವತ್ತು ಸೊಂಟ ಹಿಡಿದಿತ್ತು, ನಾಳೆ ಕಿತ್ತರಾಯಿತು ಅಂದುಕೊಂಡಳು. ನಾಳೆ ನೋಡಿದರೆ ತಾಮ್ರದ ಬಣ್ಣದ ಎಳೆ ಎಲೆಗಳು ಕೂಸಿನ ಕಿವಿಯಂತೆ ಮೆತ್ತಗಿದ್ದವು. ಕೀಳಲು ಕೈ ಬರಲಿಲ್ಲ.

ಸಸಿ ಮೊಣಕಾಲೆತ್ತರವಾದಾಗ ನಪಾರಿ ಬಂದ.

"ಏನಮ್ಮಾ ಇದು?"

"ತಾನಾಗೇ ಹುಟ್ಟಿದ್ದು, ಭಾವ."

"ಓಹೋ. ಸುತ್ತ ಈ ಕಲ್ಲುಗಳೂ ತಾವಾಗೇ ನಡಕೊಂಡು ಬಂದು ಕೂತ್ವಾ?"

ಆಡು ಬಾಯಿ ಹಾಕದಿರಲೆಂದು ಕಲ್ಲಿಟ್ಟವಳು ಅವಳೇ. ಬಗ್ಗಿ, ಅವನೆದುರಿಗೇ ಸಸಿಯನ್ನು ಕಿತ್ತಳು.

"ನನ್ನ ಮನಸಲ್ಲೇನಿಲ್ಲ," ಎಂದ ನಪಾರಿ. "ಆದ್ರೆ ಊರು ನೋಡಿಬಿಟ್ಟಿದೆ. ಈ ಸಲದ ಕಡಲೆಕಾಯಿ ಕಿತ್ಕೊಂಡು ಹೊಲ ಬಿಟ್ಟುಬಿಡು. ದಿಬ್ಬದ ಹತ್ರ ಕಲ್ಲು ಹೊಲ ಇದೆಯಲ್ಲ, ನಿನ್ನ ಕೈಗೆ ಅದ್ಯಾವ ಲೆಕ್ಕ!"

ಪಕ್ಕದ ಮನೆಯ ಅಜಾರಾ ಸುದ್ದಿ ಕೇಳಿ ನಕ್ಕಳು. "ನನ್ನ ನೋಡಿ ಕಲಿ ಕಣೇ. ಒಂದು ಬುಟ್ಟಿ ಗೊಬ್ಬರ ಹಾಕಿದೋಳಲ್ಲ ನಾನು. ನನ್ನ ಹೊಲಾನ ಕಳ್ಳನೂ ಕೇಳಲ್ಲ."

"ಮಳೆಗೆ ಮುಂಚೇನೇ ನಿನ್ನ ಕಣಜ ಬರಿದಾಗುತ್ತಲ್ಲೇ."

"ಆಗುತ್ತಪ್ಪಾ. ನಂದು ಬರಿದಾಗುತ್ತೆ, ನಿಂದು ಕೈತಪ್ಪುತ್ತೆ. ಕೊನೆಗೆ ಇಬ್ಬರೂ ಕುಡಿಯೋದು ಒಂದೇ ನೀರುಗಂಜಿ."

ಪಟ್ಟಣದಿಂದ ಬಂದಿದ್ದ ಅಧಿಕಾರಿ ಒಮ್ಮೆ ಹೆಂಗಸರನ್ನು ಬೇವಿನ ಮರದಡಿ ಕೂರಿಸಿ, ಗೊಬ್ಬರ ಹಾಕಿದರೆ ಬೆಳೆ ಇಮ್ಮಡಿಯಾಗುತ್ತದೆ, ಬಡತನ ಹೋಗುತ್ತದೆ ಎಂದಿದ್ದ. ಸುಳ್ಳೇನಲ್ಲ. ಯಾರ ನೆಲಕ್ಕೆ ಎಂಬುದನ್ನು ಮಾತ್ರ ಅವನೂ ಹೇಳಲಿಲ್ಲ, ಹೆಂಗಸರೂ ಕೇಳಲಿಲ್ಲ.

ಕಡಲೆಕಾಯಿ ಕಿತ್ತಾದ ಮೇಲೆ ಒಂದು ಬೆಳಗ್ಗೆ ಸನಾತು ನಪಾರಿಯ ಅಂಗಳಕ್ಕೆ ಹೋಗಿ ಕೂತಳು. ಊರ ನಾಯಕನ ಬಲಗೈಯಂತಿದ್ದ ಮುದುಕ ವುಲಾನ ಅಲ್ಲೇ ಕುಳಿತಿದ್ದ. ಅವನಿದ್ದಾನೆಂದು ತಿಳಿದೇ ಅವಳು ಬಂದಿದ್ದು.

"ಕಲ್ಲು ಹೊಲ ಬೇಡ, ಭಾವ."

"ಬೇಡ್ವಾ? ಮೊಮ್ಮಕ್ಕಳಿಗೆ ಏನು ತಿನ್ನಿಸ್ತೀಯಾ, ನಿನ್ನ ಬಿಗುಮಾನಾನಾ?"

"ಬಿಗುಮಾನ ಎಲ್ಲಿಂದ ಬರಬೇಕು? ಸುಸ್ತು. ಮೂರು ಸಲ ಮಣ್ಣು ಹಸನು ಮಾಡಿಕೊಟ್ಟೆ. ಕೊಡೋದಾದ್ರೆ ನಾನು ಸಾಯೋತನಕ ಅಂತ ಈ ಹಿರಿಯರ ಮುಂದೆ ಹೇಳಿ. ಇಲ್ದಿದ್ರೆ ನಾನೂ ಅಜಾರಾ ಥರ ಮೇಲೆ ಮೇಲೆ ಗೀರಿ ಬಿತ್ತೀನಿ. ಕಲ್ಲು ಕಲ್ಲಾಗೇ ಇರುತ್ತೆ."

ವುಲಾನ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ನಪಾರಿ, ನಿನ್ನ ಎತ್ತು ನೊಗ ಇಳಿಸಿ ಮಾತಾಡ್ತಾ ಇದೆ ಕಣೋ!"

ನಪಾರಿ ನಗಲಿಲ್ಲ. ಕಿರಿಮಗನಿಗೆ ಮೀಸೆ ಮೂಡುತ್ತಿತ್ತು, ದಿಬ್ಬದ ಹೊಲ ಮನಸ್ಸಿನಲ್ಲಿ ಆಗಲೇ ಅವನದಾಗಿತ್ತು. "ಸಾಯೋತನಕ ಅಂತ ಹೆಂಗಸಿಗೆ ಯಾರೂ ಕೊಟ್ಟಿಲ್ಲ," ಎಂದ.

"ಕೊಟ್ಟಿಲ್ಲ, ನಿಜ," ಎಂದ ಮುದುಕ. "ಕೊಡಬಾರದು ಅಂತಾನೂ ಯಾರೂ ಹೇಳಿಲ್ಲ."

ಕೊನೆಗೆ ನಪಾರಿ ನೆಲ ನೋಡುತ್ತ, "ಹತ್ತು ಸುಗ್ಗಿ," ಎಂದ.

ಸನಾತು ಯೋಚಿಸಿದಳು. ಅಲ್ಲಿನ ಕಲ್ಲು ಆರಿಸಿ ಮಣ್ಣು ಹಸನಾಗಲು ನಾಲ್ಕೈದು ವರ್ಷ ಬೇಕು. ಉಳಿದದ್ದು ಉಣ್ಣಲು. ಅಷ್ಟರಲ್ಲಿ ಮೊಮ್ಮಕ್ಕಳು ದೊಡ್ಡವರಾಗುತ್ತಾರೆ, ತಾಯಿಯ ಹಾಗೆ ಅಕ್ರಾದ ಹೊರೆಗೆ ತಲೆ ಕೊಡದೆಯೂ ಇರಬಹುದು. ಇನ್ನೂ ಎಳೆದಾಡಬಹುದಿತ್ತು. ಅವಳಲ್ಲಿ ಅಷ್ಟು ಶಕ್ತಿ ಇರಲಿಲ್ಲ.

"ಗಟ್ಟಿಯಾಗಿ ಹೇಳಿ ಭಾವ. ಒಳಗೆ ಕುಟ್ಟೋ ಹೆಂಗಸರಿಗೂ ಕೇಳಲಿ."

ಅವನು ಗಟ್ಟಿಯಾಗಿ ಹೇಳಿದ. ಒಳಗೆ ಒನಕೆ ನಿಂತಿತು.

ಸನಾತು ಏಳಬೇಕೆಂದುಕೊಂಡಳು. ಮಾತು ಗೆದ್ದಿದ್ದಳು, ಸರಿ. ದಿಬ್ಬದ ಕಲ್ಲುಗಳೇನೂ ಅದನ್ನು ಕೇಳಿ ಎದ್ದುಹೋಗಿರಲಿಲ್ಲ. ಇನ್ನೊಂದು ಗಳಿಗೆ ಅಲ್ಲೇ ಕುಳಿತಳು.