ಸಣ್ಣ ಕೋವಿ, ಮೆದು ಮೂತಿಯ ಗುಂಡು

ಬಳೆ ಅಂಗಡಿಯಲ್ಲಿ ಬಳೆ ಜೋಡಿಸಿಟ್ಟ ಹಾಗೆ ಕೋವಿಗಳನ್ನು ಜೋಡಿಸಿಟ್ಟಿದ್ದರು. ಗಾಜಿನ ಹಿಂದೆ, ಹಳದಿ ದೀಪದ ಕೆಳಗೆ, ಬೆಲೆಚೀಟಿ ಸಮೇತ. ಅಬುಧಾಬಿಯ ಆ ಮಾಲ್‌ನಲ್ಲಿ ನಮ್ಮ ಅಂಗಡಿಯ ಎಡಕ್ಕೆ ಅತ್ತರಿನವರು, ಬಲಕ್ಕೆ ಐಸ್‌ಕ್ರೀಮಿನವರು. ಮಕ್ಕಳು ಐಸ್‌ಕ್ರೀಮ್ ನೆಕ್ಕುತ್ತಾ ಬಂದು ಗಾಜಿಗೆ ಮೂಗೊತ್ತಿ ಕೋವಿ ನೋಡುತ್ತಿದ್ದವು. ನಾನೂ ಕೆಲಸಕ್ಕೆ ಸೇರಿದ ಮೊದಲ ದಿನ ಹಾಗೆಯೇ ನೋಡಿದೆ.

ನಮ್ಮ ವಿಟ್ಲದ ಕಡೆ ಕೋವಿ ಎಂದರೆ ಪೊಲೀಸ್ ಸ್ಟೇಷನ್ ನೆನಪಾಗುತ್ತದೆ. ಬೆಳೆ ಕಾಯಲು ಲೈಸೆನ್ಸ್ ಪಡೆದವರು ಚುನಾವಣೆ ಬಂತೆಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಸಂದಿಯಲ್ಲಿ ಇಟ್ಟುಕೊಂಡು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಾರೆ. ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತರುತ್ತಾರೆ. ನಾನು ಕಂಡ ಕೋವಿಗಳೆಲ್ಲ ಆ ಗೋಣಿಯೊಳಗಿನವು. ಜಿಂಕೆ ಹೊಡೆದರೆ ಜೈಲು ಎಂಬುದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಇಲ್ಲಿಯೂ ಮನಸ್ಸಿಗೆ ಬಂದಂತೆ ಬೇಟೆಯಾಡುವಂತಿಲ್ಲ. ಆದ್ದರಿಂದ ಬೇಟೆಯ ಹುಚ್ಚಿರುವ ಸ್ಥಳೀಯರು ವಿಮಾನ ಹತ್ತಿ ಚಳಿದೇಶಗಳಿಗೆ ಹೋಗುತ್ತಾರೆ. ಹೋಗುವ ಮೊದಲು ನಮ್ಮ ಅಂಗಡಿಗೆ ಬರುತ್ತಾರೆ.

ನಾನು ಬಿ.ಎಸ್ಸಿ. ಓದಿದವಳು, ಫಿಸಿಕ್ಸ್‌ನಲ್ಲಿ ಫಸ್ಟ್ ಕ್ಲಾಸ್. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಪದವಿ ಸುಮ್ಮನೆ ಬಂದದ್ದಲ್ಲ. ಮದುವೆಯ ಮಾತು ಎತ್ತಿದ ನೆಂಟರ ಮುಂದೆಲ್ಲ ಉಪ್ಪ, ಎಂದರೆ ನನ್ನ ತಂದೆ, ‘ಅವಳು ಓದ್ತಾ ಇದ್ದಾಳೆ’ ಎಂದು ಒಂದೇ ಮಾತು ಹೇಳಿ ಬಾಗಿಲು ತೋರಿಸುತ್ತಿದ್ದರು.

ಅಬುಧಾಬಿ ಊರಾಚೆಯ ಬನಿಯಾಸ್‌ನಲ್ಲಿ ನನಗೆ ಸಿಕ್ಕಿದ್ದು ‘ಬೆಡ್ ಸ್ಪೇಸ್’. ಬಾಡಿಗೆಗೆ ಕೋಣೆಯಲ್ಲ, ಕೋಣೆಯೊಳಗಿನ ಒಂದು ಮಂಚ. ಉಳಿದ ಎರಡು ಮಂಚಗಳಲ್ಲಿ ಉಡುಪಿಯ ನರ್ಸುಗಳು. ಅವರ ಪಾಳಿ ಬೇರೆ, ನನ್ನದು ಬೇರೆ. ಒಬ್ಬರನ್ನೊಬ್ಬರು ನಿದ್ದೆಯಲ್ಲೇ ಹೆಚ್ಚು ನೋಡಿದ್ದೇವೆ. ಊರಿನ ನೆನಪು ತೀರಾ ಕಾಡಿದರೆ ನಾನು ಸೂಪರ್ ಮಾರ್ಕೆಟ್ಟಿನ ಮಾಂಸದ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಕುರಿಮಾಂಸಕ್ಕೂ ಪಾಸ್‌ಪೋರ್ಟ್ ಉಂಟು: ಇದು ಆಸ್ಟ್ರೇಲಿಯಾ, ಇದು ಪಾಕಿಸ್ತಾನ, ಇದು ನಮ್ಮದು ಎಂದು ಚೀಟಿ ಅಂಟಿಸಿರುತ್ತಾರೆ. ಚೀಟಿ ಓದದೆ ಬಣ್ಣದಲ್ಲೇ ಯಾವುದು ಎಳೆಯದು, ಯಾವುದು ಹಳೆಯದು ಎಂದು ನನ್ನ ಕಣ್ಣು ಹೇಳುತ್ತಿತ್ತು. ಅದು ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಗಡಿಯಲ್ಲಿ ನನ್ನನ್ನು ಮೊದಲು ಟೆಂಟು, ನೀರಿನ ಕ್ಯಾನುಗಳ ಕಡೆ ಹಾಕಿದ್ದರು. ಆಮೇಲೆ ಮ್ಯಾನೇಜರ್ ಗುಂಡುಗಳ ಕೌಂಟರಿಗೆ ಕಳಿಸಿದರು, ಪರೀಕ್ಷೆಗೆಂದು. ಒಂದು ದೂರು ಬಂದರೂ ವಾಪಸ್ ಟೆಂಟಿಗೆ. ಕೌಂಟರಿನ ಹಿರಿಯರು ಫೆಲಿಕ್ಸಣ್ಣ, ಕುಂದಾಪುರದ ಕೊಂಕಣಿಯವರು. ಅವರ ಉಪದೇಶ ಚಿಕ್ಕದು: “ನೋಡು ಮಾರಾಯ್ತಿ, ಗಿರಾಕಿ ಕೇಳಿದ್ದು ಕೊಡುದು, ಬಿಲ್ಲು ಮಾಡುದು, ಖಲಾಸ್. ನಿನ್ನ ಫಿಸಿಕ್ಸ್ ಎಲ್ಲ ಇಲ್ಲಿ ಬಿಚ್ಚುಲಿಕ್ಕೆ ಹೋಗ್ಬೇಡ.” ಖಲಾಸ್ ಎಂದರೆ ಮುಗಿಯಿತು. ಇಲ್ಲಿ ಮಾತೂ, ಸಂಬಳವೂ, ವೀಸಾವೂ ಆ ಒಂದೇ ಶಬ್ದದಲ್ಲಿ ಮುಗಿಯುತ್ತವೆ.

ಹಾಗಿರುವಾಗ ಒಂದು ಸಂಜೆ ಅಬೂ ಸೈಫ್ ಬಂದರು. ಇಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ಹಿರಿಮಗನ ಹೆಸರಿನಿಂದ ಕರೆಯುವುದು ಮರ್ಯಾದೆ. ಅಬೂ ಸೈಫ್ ಎಂದರೆ ಸೈಫ್‌ನ ಅಪ್ಪ. ಅಂಗಡಿಯ ಹಳೆಯ ಗಿರಾಕಿ. ಜೊತೆಗೆ ಮಗಳು ಶಮ್ಮಾ, ಕಾಲೇಜು ಹುಡುಗಿ. ಅವಳ ಮೊದಲ ಬೇಟೆ. ಯುರೋಪಿನಲ್ಲಿ, ನಮ್ಮ ಆಡಿನಷ್ಟೇ ಎತ್ತರದ ಒಂದು ಸಣ್ಣ ಜಾತಿಯ ಜಿಂಕೆ. ದೊಡ್ಡ ಕೋವಿ ಅವಳ ಭುಜಕ್ಕೆ ಒದೆಯುತ್ತದೆಂದು ಅಣ್ಣನ ಹಳೆಯ ಸಣ್ಣ ನಳಿಗೆಯ ರೈಫಲ್ಲನ್ನೇ ಒಯ್ಯುವುದೆಂದು ನಿಶ್ಚಯವಾಗಿತ್ತು.

“ಗಟ್ಟಿ ಗುಂಡು ಕೊಡು,” ಎಂದರು ಅಬೂ ಸೈಫ್, ಹಿಂದಿ ಇಂಗ್ಲಿಷ್ ಬೆರೆಸಿ. “ಪೂರ್ತಿ ತಾಮ್ರದ ಹೊದಿಕೆಯದ್ದು.”

ಫೆಲಿಕ್ಸಣ್ಣ ಆಗಲೇ ಡಬ್ಬಿಗೆ ಕೈ ಹಾಕಿದ್ದರು. ನಾನು ಕೇಳಿಯೇಬಿಟ್ಟೆ, “ಜಿಂಕೆಗಾ? ಎಷ್ಟೋ ದೇಶಗಳಲ್ಲಿ ಜಿಂಕೆಗೆ ಅದು ನಿಷಿದ್ಧ, ಅಲ್ಲಿಯದ್ದು ವಿಚಾರಿಸಿದ್ದೀರಾ?”

“ಕಾನೂನು ಅಲ್ಲಿನ ಗೈಡ್ ನೋಡಿಕೊಳ್ಳುತ್ತಾನೆ. ನನಗೆ ಹಲಾಲ್ ಮುಖ್ಯ. ಮೆದು ಗುಂಡು ಒಳಗೆ ಹೋಗಿ ಅರಳುತ್ತದೆ, ಪ್ರಾಣಿ ತಕ್ಷಣ ಸಾಯುತ್ತದೆ. ಗಟ್ಟಿ ಗುಂಡು ತೂತು ಮಾಡಿ ಆಚೆ ಹೋಗುತ್ತದೆ. ಜೀವ ಇರುವಾಗಲೇ ನಾನು ಹೋಗಿ ಕತ್ತಿ ಹಾಕಬೇಕು.”

ಈಗ ನನಗೆ ಅರ್ಥವಾಯಿತು. ದೇವರ ಹೆಸರೆತ್ತಿ, ಬಿಸ್ಮಿಲ್ಲಾಹ್ ಹೇಳಿ ಹಾರಿಸಿದ ಗುಂಡು ಹೊಕ್ಕು ಪ್ರಾಣ ಹೋದರೂ ಹಲಾಲ್ ಎನ್ನುವ ವಿದ್ವಾಂಸರು ಹಲವರಿದ್ದಾರೆ. ಅಬೂ ಸೈಫ್ ಅವರಿಗೂ ಅದು ಗೊತ್ತಿತ್ತು. ಆದರೂ ಮನಸ್ಸು ಕತ್ತಿಯನ್ನೇ ಕೇಳುತ್ತಿತ್ತು. ನನ್ನ ಉಮ್ಮ, ಎಂದರೆ ತಾಯಿ, ಅವಳೂ ಹಾಗೆಯೇ. ತನ್ನ ಕಣ್ಣೆದುರು ಕೊಯ್ಯದ ಕೋಳಿಯನ್ನು ಮುಟ್ಟುವವಳಲ್ಲ.

“ನೀವು ಹೋಗಿ ತಲುಪಲಿಕ್ಕೆ ಅದು ಅಲ್ಲಿ ನಿಂತಿರುವುದಿಲ್ಲ,” ಎಂದೆ. “ಈ ಸಣ್ಣ ಕೋವಿಯ ಗಟ್ಟಿ ಗುಂಡು ದಬ್ಬಣ ಚುಚ್ಚಿದ ಹಾಗೆ ಹಾದುಹೋಗುತ್ತದೆ. ಜಿಂಕೆ ಪೊದೆಗೆ ಓಡುತ್ತದೆ, ಎಲ್ಲೋ ಬಿದ್ದು ನರಳಿ ಸಾಯುತ್ತದೆ. ಕತ್ತಿಯೂ ಇಲ್ಲ, ಮಾಂಸವೂ ಇಲ್ಲ.”

“ಹಾಗಾದರೆ ಇದು?” ಅವರು ಇನ್ನೊಂದು ಡಬ್ಬಿ ತೋರಿಸಿದರು.

“ಅದು ನರಿಗೆ, ಕಾಗೆಗೆ. ತೆಳು ಹೊದಿಕೆಯದ್ದು, ತುಂಬ ವೇಗ. ಜಿಂಕೆಯ ಭುಜದ ಮೇಲೆಯೇ ಒಡೆದು ಪುಡಿಯಾಗುತ್ತದೆ, ಶ್ವಾಸಕೋಶದ ತನಕ ಹೋಗುವುದಿಲ್ಲ.” ನಾನು ಕಪಾಟಿನಿಂದ ಮೂರನೆಯದನ್ನು ತೆಗೆದೆ. ಮೂತಿಯಲ್ಲಿ ಮೆದು ಸೀಸ, ಹಿಂದೆ ದಪ್ಪ ತಾಮ್ರ, ಎರಡನ್ನೂ ಬೆಸೆದದ್ದು. ಅರಳುತ್ತದೆ, ಆದರೆ ಒಡೆದು ಚೂರಾಗದೆ ಒಳಕ್ಕೆ ಹೋಗುತ್ತದೆ. ಅದರಲ್ಲೂ ಉದ್ದನೆಯ, ಭಾರದ ಗುಂಡು ಉಂಟು. ಅದನ್ನು ಪಕ್ಕಕ್ಕಿಟ್ಟೆ. “ಫೆಲಿಕ್ಸಣ್ಣ, ಸೈಫ್‌ನ ರೈಫಲ್ ಇಲ್ಲಿಂದಲೇ ಹೋದದ್ದಲ್ವಾ? ನಳಿಗೆಯ ಸುರುಳಿ ನಿಧಾನದ್ದಾ?”

“ಹೌದು, ಹಳೇ ಮಾಡೆಲ್. ನಿಧಾನದ್ದೇ.”

“ಬುಗುರಿ ಸಾಕಷ್ಟು ತಿರುಗದಿದ್ದರೆ ಓಲಾಡುತ್ತದಲ್ಲ, ಹಾಗೆ. ನಳಿಗೆಯೊಳಗಿನ ಗೆರೆ ನಿಧಾನವಾಗಿ ತಿರುಗಿಸಿದರೆ ಉದ್ದನೆಯ ಗುಂಡು ನೆಟ್ಟಗೆ ಹೋಗುವುದಿಲ್ಲ. ಮಧ್ಯಮ ತೂಕದ್ದೇ ಸರಿ. ಮೊದಲು ಶೂಟಿಂಗ್ ಕ್ಲಬ್ಬಿನಲ್ಲಿ ಕಾಗದದ ಮೇಲೆ ಹಾರಿಸಿ ನೋಡಿ.”

ಅಬೂ ಸೈಫ್ ನನ್ನನ್ನೇ ನೋಡಿದರು. “ನೀನು ಎಷ್ಟು ಜಿಂಕೆ ಹೊಡೆದಿದ್ದೀ?”

“ಒಂದೂ ಇಲ್ಲ. ಕೋವಿಯನ್ನೇ ಹಾರಿಸಿಲ್ಲ.”

ಫೆಲಿಕ್ಸಣ್ಣ ಕೊಂಕಣಿಯಲ್ಲಿ ದೇವರನ್ನು ಕರೆದದ್ದು ನನಗೆ ಕೇಳಿಸಿತು. ಶಮ್ಮಾ ತಲೆಗೆ ಹೊದ್ದ ಶೇಲೆಯ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಮತ್ತೆ ಪ್ರಾಣಿಯ ಒಳಗಿನದೆಲ್ಲ ಹೇಗೆ ಗೊತ್ತು? ಪುಸ್ತಕದಲ್ಲಾ?”

ಪುಸ್ತಕ ಎಂದು ಹೇಳಿಬಿಡಬಹುದಿತ್ತು. ಟೆಂಟುಗಳ ಕಡೆಯ ಬಿಳಿ ದೀಪ ದೂರದಲ್ಲಿ ಕಾಣುತ್ತಿತ್ತು. “ನನ್ನ ತಂದೆಯದ್ದು ಆಡಿನ ಮಾಂಸದ ಅಂಗಡಿ,” ಎಂದೆ. “ಶಾಲೆ ಬಿಟ್ಟ ಮೇಲೆ ತೊಳೆಯುವುದು, ತೂಗುಹಾಕುವುದು ನನ್ನ ಕೆಲಸ. ಮುಂಗಾಲಿನ ಹಿಂದೆ ಶ್ವಾಸಕೋಶ ಎಲ್ಲಿರುತ್ತದೆ, ಪೆಟ್ಟು ಬಿದ್ದಲ್ಲಿ ರಕ್ತ ಹೇಗೆ ಕಟ್ಟಿಕೊಳ್ಳುತ್ತದೆ, ಕೈಯಲ್ಲಿ ಮುಟ್ಟಿ ಗೊತ್ತು. ಓಡಿಸಿಕೊಂಡು ಬಂದ ಆಡನ್ನು ಉಪ್ಪ ಕೂಡಲೇ ಕೊಯ್ಯುತ್ತಿರಲಿಲ್ಲ. ಕಟ್ಟಿ, ನೀರು ಕೊಟ್ಟು, ಅದರ ಉಸಿರು ತಣ್ಣಗಾಗುವ ತನಕ ಕಾಯುತ್ತಿದ್ದರು. ಹೆದರಿ ಓಡಿದ ಪ್ರಾಣಿಯ ಮಾಂಸ ಕಪ್ಪಾಗುತ್ತದೆ. ಗಟ್ಟಿ ಗುಂಡು ಹಾಕಿದರೆ ನೀವು ಅದನ್ನು ಓಡಿಸಿಯೇ ಕೊಲ್ಲುವುದು.”

ಶಮ್ಮಾ ಇಂಗ್ಲಿಷಿನಲ್ಲಿ ಅಪ್ಪನಿಗೆ, “ಬಾಬಾ, ಹಾರಿಸುವುದು ನಾನು. ನನಗೆ ಇವಳು ಹೇಳಿದ್ದೇ ಬೇಕು,” ಎಂದಳು. ಮೆದು ಮೂತಿಯ ಗುಂಡಿನ ಡಬ್ಬಿಗಳು ಹೋದವು. ಹೋಗುವಾಗ ಅಬೂ ಸೈಫ್ ನಗಲಿಲ್ಲ.

“ಜಿಂಕೆ ತಪ್ಪಿಸಿಕೊಂಡ್ರೆ ದೂರು ಬರ್ತದೆ,” ಎಂದರು ಫೆಲಿಕ್ಸಣ್ಣ. “ಸತ್ತರೂ ದೂರು ಬರ್ತದೆ, ಕತ್ತಿ ಹಾಕ್ಲಿಕ್ಕೆ ಆಗ್ಲಿಲ್ಲ ಅಂತ. ಎರಡೂ ಕಡೆ ಸಿಕ್ಕಿಬಿದ್ದಿ ನೀನು. ಟೆಂಟ್ ಕಟ್ಲಿಕ್ಕೆ ಮರ್ತಿಲ್ಲ ಅಲ್ವಾ?”

ಅಪ್ಪ ಮಗಳು ಬೇಟೆಯಿಂದ ಹಿಂತಿರುಗುವ ತನಕ ನಾನು ಪ್ರತಿ ಬಿಳಿ ಕಂದೂರಾಕ್ಕೂ ಬೆಚ್ಚಿದೆ. ಕಂದೂರಾ ಎಂದರೆ ಇಲ್ಲಿನ ಗಂಡಸರ ನಿಲುವಂಗಿ. ಅಬುಧಾಬಿಯಲ್ಲಿ ಅದನ್ನು ನೋಡಿ ಬೆಚ್ಚುವವಳು ದಿನಕ್ಕೆಷ್ಟು ಸಲ ಬೆಚ್ಚಬೇಕೆಂದು ನೀವೇ ಯೋಚಿಸಿ.

ಕೊನೆಗೂ ಬಂದರು, ಅಪ್ಪ ಮಗಳಿಬ್ಬರೂ. ಅಬೂ ಸೈಫ್ ಕೌಂಟರಿಗೆ ಎರಡೂ ಕೈ ಊರಿ ನಿಂತರು. “ಹತ್ತು ಹೆಜ್ಜೆ ಹಾರಿತು, ಬಿತ್ತು. ನಾನು ಕತ್ತಿ ಹಿಡಿದು ಓಡಿದೆ. ತಲುಪುವಾಗ ಉಸಿರು ಇರಲಿಲ್ಲ.”

ಫೆಲಿಕ್ಸಣ್ಣ ಬೇರೆಲ್ಲೋ ನೋಡಿದರು.

“ಆದರೆ ಇವಳು ಬಿಸ್ಮಿಲ್ಲಾಹ್ ಹೇಳಿದ್ದು ನನ್ನ ಕಿವಿಗೇ ಬಿದ್ದಿತ್ತು,” ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು. “ನರಳಲಿಲ್ಲ ಅದು. ನಾವು ಮೂರು ದಿನ ಅದನ್ನೇ ತಿಂದೆವು. ಮುಂದಿನ ಸಲ ದೊಡ್ಡದಕ್ಕೆ ಹೋಗುತ್ತೇವೆ. ಯಾವ ಗುಂಡು ಎಂದು ನೀನು ಹೇಳು.” ಆಮೇಲೆ ಮ್ಯಾನೇಜರನ್ನು ಕರೆದು ಅರಬಿಯಲ್ಲಿ ಏನೋ ಅಂದರು. ನನಗೆ ತಿಳಿದದ್ದು ‘ಬಿಂತ್ ಗಸ್ಸಾಬ್’ ಎಂಬುದಷ್ಟೇ. ಕಸಾಯಿಯ ಮಗಳು. ಆ ಮಾತು ಕೇಳಿ ಮ್ಯಾನೇಜರ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಕೌಂಟರ್ ನನ್ನದಾಯಿತು.

ಮರುದಿನ ರಜೆ. ಉಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಖುಷಿಪಡುತ್ತಾರೆಂದುಕೊಂಡಿದ್ದೆ.

“ನಿನ್ನನ್ನು ಓದಿಸಿದ್ದು ಈ ಅಂಗಡಿಯಿಂದ ದೂರ ಹೋಗ್ಲಿ ಅಂತ. ಮಸೀದಿ ಹತ್ರ ಕೇಳಿದವ್ರಿಗೆಲ್ಲ ‘ಮಗಳಿಗೆ ಅಬುಧಾಬಿಯಲ್ಲಿ ಫಿಸಿಕ್ಸಿನ ಕೆಲಸ’ ಅಂತ ಹೇಳಿದ್ದೇನೆ. ಈಗ ಎಂತ ಹೇಳುದು?”

“ಬುಗುರಿ ಲೆಕ್ಕ ಫಿಸಿಕ್ಸೇ ಅಲ್ವಾ ಉಪ್ಪ. ಅದನ್ನೇ ಹೇಳಿ.”

“ಹೂಂ. ಮಾಂಸದ ವಿಷಯ ಇಲ್ಲಿ ಎತ್ತುದು ಬೇಡ.”

ಸರಿ ಎಂದೆ. ಊರಿನಲ್ಲಿ ನಾನು ಫಿಸಿಕ್ಸ್ ಓದಿದವಳಾಗಿಯೇ ಇರಲಿ. ಇಲ್ಲಿ, ಸಮುದ್ರದಾಚೆ, ಉಪ್ಪನನ್ನು ನೋಡೇ ಇರದ ಜನರ ನಡುವೆ ನಾನು ಉಪ್ಪನ ಮಗಳು. ರಜೆಗೆ ಹೋದಾಗ ಈ ಎರಡರಲ್ಲಿ ಒಂದನ್ನು ವಿಮಾನದಲ್ಲಿ ಬಿಟ್ಟು ಇಳಿಯಬೇಕು, ಬರುವಾಗ ಮತ್ತೊಂದನ್ನು.

ಫೋನು ಇಡುತ್ತಾರೆಂದುಕೊಂಡೆ. ಇಡಲಿಲ್ಲ. ಅಂಗಡಿಯ ಮರದ ದಿಮ್ಮಿಯ ಮೇಲೆ ಯಾರೋ ಎಲುಬು ಕಡಿಯುವ ಸದ್ದು ಹಿಂದಿನಿಂದ ಕೇಳುತ್ತಿತ್ತು. ಉಪ್ಪ ದನಿ ತಗ್ಗಿಸಿದರು.

“ಅಲ್ಲ, ಮಾಂಸ ಎಷ್ಟು ಹಾಳಾಗಿತ್ತಂತೆ?”

“ಕೈಯಗಲ ಅಷ್ಟೇ ಅಂತೆ. ಪಕ್ಕೆಲುಬಿನ ಹತ್ತಿರ.”

“ಹಾಂ,” ಎಂದರು ಉಪ್ಪ. “ಹಾಗಾದ್ರೆ ಚೆಂದದ ಕೆಲಸ.”